ತಂತಿ ಜೋಡಿಸುವುದೂ ಒಂದು ವಿದ್ಯೆ

ಈಗ ಹಳ್ಳಿಯ ಮನೆಗಳಲ್ಲೂ ‘ಹೋಂ ಥಿಯೇಟರ್’ ಎಂಬ ಮಾತು ಕೇಳಿಬರುತ್ತಿದೆ. ದೊಡ್ಡ ಟಿ.ವಿ., ಒಂದು ಆಂಪ್ಲಿಫಯರ್, ಐದಾರು ಸ್ಪೀಕರು ತಂದಿಟ್ಟರೆ ಮನೆಯೇ ಚಿತ್ರಮಂದಿರವಾಗುತ್ತದೆಂದು ಹಲವರ ಎಣಿಕೆ. ಆದರೆ ಹಣ ಕೊಟ್ಟರೆ ಬರುವುದು ಪೆಟ್ಟಿಗೆಗಳು ಮಾತ್ರ. ಅವುಗಳನ್ನು ಒಂದಕ್ಕೊಂದು ಸರಿಯಾಗಿ ಜೋಡಿಸಿದಾಗಲೇ ಅದು ಥಿಯೇಟರ್. ಈ ಜೋಡಣೆಯನ್ನು ನಾವು ಹೈಸ್ಕೂಲಿನಲ್ಲೇ ಕೈಯಾರೆ ಮಾಡಿ ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಇದು ಶ್ರೀಮಂತರ ಶೋಕಿಯೆಂದು ಕೆಲವರು ನಕ್ಕಾರು. ಅವರು ನಮ್ಮ ಕೇರಳದಲ್ಲೇ ಇರುವ ವಯನಾಡು ಜಿಲ್ಲೆಯ ಚೇಕಾಡಿಯನ್ನು ನೆನೆಯಲಿ. ಪುಲ್ಪಳ್ಳಿಯ ಬಳಿ ಕಾಡಿನ ನಡುವೆ ಇರುವ ಗದ್ದೆಗಳ ಊರದು. ಗಂಧಕಶಾಲ ಎಂಬ ಪರಿಮಳದ ಭತ್ತಕ್ಕೆ ಹೆಸರಾದುದು. ಆನೆ ಓಡಾಡುವ ಕಾಡುದಾರಿಯಲ್ಲಿ ರಾತ್ರಿಯಾಟ ನೋಡಿ ಹಿಂದಿರುಗುವುದು ಸುಲಭವೇ? ಅಂಥ ಊರಿನಲ್ಲಿ ಮನೆಯ ಟಿ.ವಿ.ಯೇ ಟಾಕೀಸು. ಒಂದು ತಂತಿ ಕಳಚಿದರೆ ಪೇಟೆಯಿಂದ ಮೆಕ್ಯಾನಿಕ್ ಬರುವ ತನಕ ಕಾಯಬೇಕೇ? ಮನೆಯ ಮಕ್ಕಳಿಗೆ ತಿಳಿದಿದ್ದರೆ ಅದು ಐದು ನಿಮಿಷದ ಕೆಲಸ.

ಹಾಗೆಂದು ಇದೇನೂ ಗಹನವಾದ ರಹಸ್ಯವಲ್ಲ. ಮೇಲಿನ ಗದ್ದೆಯಿಂದ ನೀರು ಹೊರಬಿದ್ದು ಕೆಳಗಿನ ಗದ್ದೆಗೆ ಒಳಹೋಗುವಂತೆ, ಒಂದು ಪೆಟ್ಟಿಗೆಯ ‘ಔಟ್’ನಿಂದ ಹೊರಟ ಸಂಕೇತ ಇನ್ನೊಂದರ ‘ಇನ್’ಗೆ ಸೇರಬೇಕು. ಔಟನ್ನು ಔಟಿಗೇ ಜೋಡಿಸಿದರೆ ಸದ್ದು ಎಲ್ಲಿಂದ ಬಂದೀತು? ಹಳೆಯ ಮೂರು ಬಣ್ಣದ ತಂತಿಯಲ್ಲಿ ಕೆಂಪು ಬಲಗಡೆಯ ಧ್ವನಿ, ಬಿಳಿ ಎಡಗಡೆಯ ಧ್ವನಿ, ಹಳದಿ ಚಿತ್ರ. 2002ರಲ್ಲಿ ಬಂದ ಎಚ್‌.ಡಿ.ಎಂ.ಐ. ತಂತಿಯಲ್ಲಿ ಚಿತ್ರವೂ ಧ್ವನಿಯೂ ಒಟ್ಟಿಗೆ ಹೋಗುತ್ತವೆ. 2009ರಿಂದ ಅದೇ ತಂತಿಯಲ್ಲಿ ಟಿ.ವಿ.ಯ ಧ್ವನಿ ಆಂಪ್ಲಿಫಯರಿಗೆ ಮರಳಿ ಬರುವ ‘ಎ.ಆರ್‌.ಸಿ.’ ಎಂಬ ಏರ್ಪಾಡೂ ಸೇರಿತು. ಆದರೆ ಟಿ.ವಿ.ಯ ಹಿಂದೆ ಮೂರು ನಾಲ್ಕು ತೂತುಗಳಿದ್ದರೂ ಸಾಮಾನ್ಯವಾಗಿ ಒಂದರ ಮೇಲೆ ಮಾತ್ರ ಆ ಅಕ್ಷರಗಳಿರುತ್ತವೆ. ಪಕ್ಕದ ತೂತಿಗೆ ಚುಚ್ಚಿ, ಸದ್ದಿಲ್ಲವೆಂದು ಪೆಟ್ಟಿಗೆಯನ್ನೇ ರಿಪೇರಿಗೆ ಹೊರುವವರೂ ಉಂಟು!

ನಮ್ಮ ಭೌತಶಾಸ್ತ್ರದ ಪಾಠಗಳು ಇಲ್ಲಿ ಎಷ್ಟು ಉಪಯುಕ್ತವೆಂಬುದನ್ನು ನೋಡಿರಿ. 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಂ, ಸರಣಿಯಲ್ಲಿ ಜೋಡಿಸಿದರೆ 16 ಓಂ. 8 ಓಮಿಗೆಂದೇ ಮಾಡಿದ ಆಂಪ್ಲಿಫಯರಿಗೆ 4 ಓಮಿನ ಭಾರ ಹೊರಿಸಿದರೆ ವಿದ್ಯುತ್ಪ್ರವಾಹ ಹೆಚ್ಚಿ ಅದು ಕಾದು ಸುಟ್ಟುಹೋದೀತು. ಎರಡು ಸ್ಪೀಕರುಗಳಲ್ಲಿ ಒಂದರ ಕೆಂಪು ಕಪ್ಪು ತಂತಿಗಳು ಅದಲುಬದಲಾದರೆ, ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆಳೆಯುತ್ತದೆ. ಚೆಂಡೆಯ ಗಂಭೀರ ನಾದ ಬಡವಾಗುತ್ತದೆ. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಪೂರ್ಣಾಂಕ ಪಡೆದವರೂ ಮನೆಯಲ್ಲಿ ತಂತಿ ಮುಟ್ಟಲು ಅಂಜಿದರೆ ಆ ಓದಿನ ಫಲವೇನು?

ಅಂಜಿಕೆ ಬೇಡ, ಎಚ್ಚರ ಬೇಕು. ಜೋಡಿಸುವಾಗ ಪ್ರತಿಯೊಂದು ಪ್ಲಗ್ಗನ್ನೂ ಗೋಡೆಯಿಂದ ಕಳಚಿರಬೇಕು. ಮೂರು ಕಾಲಿನ ಪ್ಲಗ್ಗಿನಲ್ಲಿ ದಪ್ಪಗೆ ಉದ್ದವಾಗಿರುವುದು ಭೂಸಂಪರ್ಕದ ಕಾಲು. ಗೊರ್ರೆನ್ನುವ ಸದ್ದು ಬರುತ್ತದೆಂದು ಅದನ್ನು ಮುರಿಯುವುದು ಪ್ರಾಣಕ್ಕೇ ಅಪಾಯ. ತುಲಾ ಮಾಸದ ಸಂಜೆಗಳಲ್ಲಿ ಗುಡುಗುವ ಮುನ್ನವೇ ವಿದ್ಯುತ್ ಪ್ಲಗ್ಗಿನೊಂದಿಗೆ ಡಿಶ್ಶಿನ ತಂತಿಯನ್ನೂ ಕಳಚಿಡಬೇಕು. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಸಿಡಿಲು ನಿಲ್ಲದು.

ಟಿ.ವಿ.ಯಿಂದ ಓದು ಕೆಡುತ್ತಿರುವಾಗ ಇದನ್ನೂ ಕಲಿಸಬೇಕೇ ಎಂದು ಹಿರಿಯರು ಕೇಳಬಹುದು. ಅವರ ಆತಂಕ ನ್ಯಾಯವಾದುದೇ. ಆದರೆ ನೋಡುವುದು ಬೇರೆ, ತಿಳಿಯುವುದು ಬೇರೆ. 2018ರಲ್ಲಿ ಆರಂಭವಾದ ಕೇರಳದ ಹೈಟೆಕ್ ಶಾಲಾ ಯೋಜನೆಯಿಂದ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರುಗಳು ತರಗತಿಯೊಳಗೇ ಬಂದಿವೆ. ಅವುಗಳ ಜೋಡಣೆಯೂ ಇದೇ ಜಾತಿಯದು. ಒಂದು ತಂತಿ ಸಡಿಲವಾಗಿ ಪಾಠ ನಿಂತಾಗ ನಾವು ಗದ್ದಲ ಮಾಡುತ್ತಾ ಕೂರುವುದು ಯಾವ ಶೋಭೆ?

ಆದುದರಿಂದ ಶಾಲೆಯಲ್ಲಿ ವರ್ಷಕ್ಕೆ ಎರಡು ಪೀರಿಯಡ್‌ಗಳನ್ನಾದರೂ ಇದಕ್ಕೆ ಮೀಸಲಿಡಬೇಕು. ಮೊದಲು ಕಾಗದದ ಮೇಲೆ ನಕ್ಷೆ, ಬಳಿಕ ಪ್ರತಿ ತಂತಿಗೂ ಹೆಸರಿನ ಚೀಟಿ, ಅನಂತರ ಅಧ್ಯಾಪಕರ ಎದುರಿನಲ್ಲಿ ಎಲ್ಲವನ್ನೂ ಕಳಚಿ ಮತ್ತೆ ಜೋಡಿಸುವುದು. ಹುಡುಗರು ತಂತಿ ಹಿಡಿಯುವುದು, ಹುಡುಗಿಯರು ದೂರ ನಿಂತು ನೋಡುವುದು ಎಂಬ ಪದ್ಧತಿ ಇಲ್ಲಿ ಸಲ್ಲದು. ಹಗಲಿನಲ್ಲಿ ಸೆಟ್ಟು ಕೈಕೊಟ್ಟಾಗ ಮನೆಯಲ್ಲಿರುವವರು ಹೆಚ್ಚಾಗಿ ಹೆಂಗಸರೇ ಅಲ್ಲವೇ?

ವಿದ್ಯಾರ್ಥಿ ಮಿತ್ರರೇ, ಕೊಳ್ಳುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇರಲಾರದು. ತಿಳಿಯುವ ಶಕ್ತಿ ಎಲ್ಲರಿಗೂ ಇದೆ. ಮನೆಗೆ ತಂದ ಯಂತ್ರದ ಮುಂಭಾಗವನ್ನು ಮಾತ್ರವಲ್ಲ, ಅದರ ಬೆನ್ನನ್ನೂ ಓದಲು ಕಲಿಯೋಣ.