ಮೆಣಸಿನಕಾಯಿ ರಾಶಿಯನ್ನು ಚಿತ್ರಿಸಲು ಯಾವ ಫತ್ವಾ ಅಡ್ಡಿಯಾಗಿದೆ?

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್ ಹಾವೇರಿ ಜಿಲ್ಲೆಯವರಿಗೆ ಪರಿಚಯಿಸಬೇಕಾದ ಸ್ಥಳವಲ್ಲ. 2020ರಲ್ಲಿ ನಿಧನರಾದ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಅಲ್ಲಿ ಆಳೆತ್ತರದ ಆಕೃತಿಗಳಲ್ಲಿ ನಿಲ್ಲಿಸಿದರು. ರೈತ, ಎತ್ತು, ಹೈನು, ಗರಡಿ, ಕುಲಕಸುಬು ಎಲ್ಲವೂ ಅಲ್ಲಿವೆ. ತನ್ನ ನೆಲದ ಸಾಮಾನ್ಯರ ದುಡಿಮೆ ಜೋಪಾನ ಮಾಡಲು ಅರ್ಹವಾದದ್ದು ಎಂದು ಈ ಜಿಲ್ಲೆಯ ಕಲಾವಿದರೊಬ್ಬರು ನಂಬಿದ್ದರ ಫಲ ಅದು.

ರಜೆಯ ದಿನಗಳಲ್ಲಿ ನಮ್ಮ ಕುಟುಂಬಗಳೂ ಅಲ್ಲಿಗೆ ಹೋಗುತ್ತವೆ, ಫೋಟೋ ತೆಗೆದುಕೊಂಡು ಮರಳುತ್ತವೆ. ಆದರೆ ನಮ್ಮ ಮೊಹಲ್ಲಾಗಳ ನಿತ್ಯದ ಬದುಕಿನ ಚಿತ್ರ ಎಲ್ಲಿದೆ, ಅದನ್ನು ಬರೆಯಬೇಕಾದವರು ಯಾರು ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಯಾರಾದರೂ ಎತ್ತಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, ಚಿತ್ರಕಲೆ ಇಸ್ಲಾಮಿನಲ್ಲಿ ನಿಷಿದ್ಧ. ಎರಡು, ನಮ್ಮಂಥವರ ಬದುಕಿನಲ್ಲಿ ಚಿತ್ರಿಸುವಂಥದ್ದೇನಿದೆ? ಈ ಎರಡನ್ನೂ ನಾವು ಒಪ್ಪುವುದಿಲ್ಲ.

ಮೊದಲನೆಯದನ್ನು ಪರಿಶೀಲಿಸೋಣ. ಜೀವಿಗಳ ರೂಪ ರಚಿಸುವವರ ಕುರಿತು ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ಮೂರ್ತಿಗಳ ವಿಷಯದಲ್ಲಿ ಬಹುತೇಕ ಉಲಮಾಗಳ ನಿಲುವು ಸ್ಪಷ್ಟವಾಗಿದೆ. ಅದನ್ನು ಸಡಿಲಿಸಬೇಕೆಂಬುದು ನಮ್ಮ ವಾದವಲ್ಲ. ಗೊಟಗೋಡಿಯಂಥ ಆಕೃತಿಗಳನ್ನು ನಮ್ಮ ಓಣಿಗಳಲ್ಲಿ ನಿಲ್ಲಿಸಿರೆಂದು ನಾವು ಹೇಳುತ್ತಲೂ ಇಲ್ಲ. ಆದರೆ ಅದೇ ಹದೀಸ್ ಪರಂಪರೆಯಲ್ಲಿ ಇನ್ನೊಂದು ಪ್ರಸಂಗವಿದೆ. ಚಿತ್ರ ರಚನೆಯಿಂದಲೇ ಜೀವನೋಪಾಯ ಸಾಗಿಸುತ್ತಿದ್ದ ವ್ಯಕ್ತಿಯೊಬ್ಬ ಹ. ಇಬ್ನು ಅಬ್ಬಾಸ್(ರ) ಅವರ ಬಳಿ ಬಂದು ವಿಚಾರಿಸಿದಾಗ ಅವರು ಆ ಎಚ್ಚರಿಕೆಯನ್ನು ತಿಳಿಸಿದರು. ಜೊತೆಗೆ, ಚಿತ್ರಿಸಲೇಬೇಕಿದ್ದರೆ ಮರಗಳನ್ನೂ ನಿರ್ಜೀವ ವಸ್ತುಗಳನ್ನೂ ಚಿತ್ರಿಸು ಎಂದು ದಾರಿ ತೋರಿಸಿದರು. ಸಹೀಹ್ ಬುಖಾರಿಯಲ್ಲಿ ಇದು ದಾಖಲಾಗಿದೆ. ಅಂದರೆ ಅತ್ಯಂತ ಕಟ್ಟುನಿಟ್ಟಿನ ಅಭಿಪ್ರಾಯವನ್ನು ಅನುಸರಿಸುವವನಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕೆಂಪಗೆ ಹರಡಿದ ಮೆಣಸಿನಕಾಯಿ ರಾಶಿಗೆ ಕಣ್ಣು ಮೂಗುಗಳಿಲ್ಲ. ಹಳೆಯ ಮಸೀದಿಯ ಹೌಜಿಗೂ ಹೊಸ್ತಿಲಲ್ಲಿ ಬಿಟ್ಟ ಪಾದರಕ್ಷೆಗಳಿಗೂ ಜೀವವಿಲ್ಲ. ಇವುಗಳನ್ನು ಚಿತ್ರಿಸಲು ಯಾವ ಫತ್ವಾ ಅಡ್ಡಿಯಾಗಿದೆ?

ಇನ್ನೂ ಒಂದು ವಿಪರ್ಯಾಸವಿದೆ. ಮಗುವೊಂದು ಬಣ್ಣದ ಪೆನ್ಸಿಲ್ ಹಿಡಿದಾಗ ನೆನಪಾಗುವ ಧರ್ಮ, ಮದುವೆ ಮಂಟಪದಲ್ಲಿ ಕ್ಯಾಮರಾಗಳು ಸಾಲುಗಟ್ಟಿ ನಿಂತಾಗ ಎಲ್ಲಿಗೆ ಹೋಗುತ್ತದೆ? ಸಾಲ ಮಾಡಿ ಹಾಕಿದ ಚಪ್ಪರ, ವಧುವಿನ ಮೈಮೇಲಿನ ಚಿನ್ನ, ಊಟದ ಸಾಲಿನ ಐಟಂಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತವೆ. ಆಗ ಹರಾಮ್‌ನ ಮಾತೂ ಇಲ್ಲ, ದುಂದುವೆಚ್ಚದ ಮಾತೂ ಇಲ್ಲ. ಹಾಗಾದರೆ ನಮ್ಮ ತಕರಾರು ಚಿತ್ರದ ಬಗ್ಗೆ ಅಲ್ಲ. ಆಡಂಬರದ ಚಿತ್ರ ನಮಗೆ ಬೇಕು, ದುಡಿಮೆಯ ಚಿತ್ರ ಬೇಡ. ಶರೀಅತ್‌ನ ಹೆಸರಿನಲ್ಲಿ ಮುಚ್ಚಿಡುತ್ತಿರುವುದು ಈ ಕೀಳರಿಮೆಯನ್ನೇ. ಎರಡನೆಯ ಉತ್ತರ ಹುಟ್ಟುವುದೂ ಇಲ್ಲಿಂದಲೇ.

ಮುಸ್ಲಿಂ ಜಗತ್ತು ಸದಾ ಹೀಗೆ ಯೋಚಿಸಿರಲಿಲ್ಲ. 1237ರಲ್ಲಿ ಯಹ್ಯಾ ಅಲ್ ವಾಸಿತಿ ಎಂಬ ಲಿಪಿಕಾರ ಅಲ್ ಹರೀರಿಯ ‘ಮಕಾಮಾತ್’ ಕೃತಿಯನ್ನು ಪ್ರತಿ ಮಾಡಿ, ತನ್ನದೇ ಕೈಯಿಂದ ಚಿತ್ರಗಳನ್ನು ಸೇರಿಸಿದನು. ಆ ಚಿತ್ರಗಳಲ್ಲಿ ಗ್ರಂಥಾಲಯವಿದೆ, ಹಜ್ಜಿಗೆ ಹೊರಟ ಯಾತ್ರಿಕರಿದ್ದಾರೆ, ಒಂಟೆಗಳ ಹಿಂಡಿದೆ, ಮಸೀದಿಯಿರುವ ಹಳ್ಳಿಯಿದೆ. ಇಪ್ಪತ್ತೊಂದು ವರ್ಷಗಳ ಬಳಿಕ, 1258ರಲ್ಲಿ, ಮಂಗೋಲರು ಬಗ್ದಾದನ್ನು ನಾಶಪಡಿಸಿದರು. ಆ ಕಾಲದ ಜನರ ಓಡಾಟ, ಉಡುಗೆ, ಮನೆ ಹೇಗಿದ್ದವು ಎಂದು ಇಂದಿಗೂ ತಿಳಿಯಲು ಸಾಧ್ಯವಾಗಿರುವುದು ಇಂತಹ ಹಸ್ತಪ್ರತಿಗಳಿಂದ.

ಏಳು ಶತಮಾನಗಳ ನಂತರ ಅದೇ ಬಗ್ದಾದಿನ ಕಲಾವಿದ ಜವಾದ್ ಸಲೀಮ್ ವಾಸಿತಿಯ ಕಡೆಗೆ ತಿರುಗಿ ನೋಡಿದರು. ಪ್ಯಾರಿಸ್, ರೋಮ್, ಲಂಡನ್‌ಗಳಲ್ಲಿ ಕಲಿತು ಬಂದಿದ್ದರೂ ಅವರು ಯುರೋಪಿನ ಬೀದಿಗಳನ್ನು ಚಿತ್ರಿಸುತ್ತಾ ಕೂರಲಿಲ್ಲ. 1951ರಲ್ಲಿ ಗೆಳೆಯರೊಂದಿಗೆ ಬಗ್ದಾದ್ ಆಧುನಿಕ ಕಲಾ ಬಳಗ ಕಟ್ಟಿದರು. ‘ಬಗ್ದಾದಿಯ್ಯಾತ್’ ಎಂಬ ಚಿತ್ರಮಾಲಿಕೆಯಲ್ಲಿ ತನ್ನ ನಗರದ ಹೆಂಗಸರು, ಮಕ್ಕಳು ಮತ್ತು ಬೀದಿಯ ಬದುಕನ್ನು ಬಣ್ಣಕ್ಕಿಳಿಸಿದರು. 1961ರಲ್ಲಿ, ನಲವತ್ತರ ಆಸುಪಾಸಿನಲ್ಲೇ ಅವರು ತೀರಿಕೊಂಡರು. 2003ರ ಆಕ್ರಮಣದ ವೇಳೆ ಬಗ್ದಾದಿನ ಆಧುನಿಕ ಕಲಾ ಸಂಗ್ರಹಾಲಯ ಲೂಟಿಯಾಗಿ ಸಾವಿರಾರು ಕೃತಿಗಳು ಕಾಣೆಯಾದವು. ಆನಂತರ ಜಗತ್ತಿನ ಪರದೆಗಳಲ್ಲಿ ಬಗ್ದಾದ್ ಎಂದರೆ ಬಾಂಬು, ಹೊಗೆ ಮತ್ತು ಹೆಣ. ತಾವೂ ನಗುವ, ದುಡಿಯುವ, ಹರಟುವ ಜನರೆಂದು ಹೇಳಿಕೊಳ್ಳಲು ಇರಾಕಿಗಳ ಬಳಿ ಉಳಿದ ಸಾಕ್ಷ್ಯಗಳಲ್ಲಿ ಆ ಚಿತ್ರಗಳೂ ಸೇರಿವೆ. ಜವಾದರ ಮನುಷ್ಯಾಕೃತಿಗಳ ಬಗ್ಗೆ ಧಾರ್ಮಿಕ ಭಿನ್ನಾಭಿಪ್ರಾಯ ಇರುವವರು ಇರಲಿ. ತನ್ನ ಊರಿನ ಸಾಮಾನ್ಯ ಬದುಕಿಗೆ ಅವರು ಕೊಟ್ಟ ಬೆಲೆಯ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿಲ್ಲ.

ನಮ್ಮ ಸ್ಥಿತಿ ಬೇರೆಯೇ? ಇಂದು ಮಾಧ್ಯಮಗಳಲ್ಲಿ ಕನ್ನಡ ಮುಸ್ಲಿಮನ ಚಿತ್ರ ಎರಡೇ ಬಗೆಯದು: ಪೊಲೀಸರ ನಡುವೆ ಮುಖ ಮುಚ್ಚಿಕೊಂಡವನು, ಇಲ್ಲವೇ ಹಬ್ಬದ ದಿನ ಬಿರಿಯಾನಿ ತಟ್ಟೆ ಹಿಡಿದವನು. ಇವೆರಡರ ನಡುವೆ ಇರುವ ವರ್ಷದ ಮುನ್ನೂರಕ್ಕೂ ಹೆಚ್ಚು ದಿನಗಳು ಎಲ್ಲಿ? ಗಣ್ಯರ ಕೊರಳನ್ನು ಅಲಂಕರಿಸುವ ಹಾವೇರಿಯ ಏಲಕ್ಕಿ ಮಾಲೆಯನ್ನು ತಲೆಮಾರುಗಳಿಂದ ಕಟ್ಟುತ್ತಾ ಬಂದದ್ದು ಮುಸ್ಲಿಂ ಕೈಗಳು. ಮಾಲೆಯ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಕಟ್ಟಿದ ಕೈಗಳ ಕಥೆ ಅಪರೂಪ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಜಗತ್ತಿಗೆ ಗೊತ್ತು. ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಅದರ ತೊಟ್ಟು ಬಿಡಿಸುವ ಹೆಂಗಸರ ಕೆಮ್ಮು ಗೊತ್ತಿಲ್ಲ. ಆ ಸಾಲಿನಲ್ಲಿ ಎಲ್ಲ ಜಾತಿ ಧರ್ಮದವರೂ ಅಕ್ಕಪಕ್ಕ ಕೂತಿರುತ್ತಾರೆ ಎಂಬ ಸತ್ಯವನ್ನು ಹೇಳಬೇಕಾದ ಚಿತ್ರವೂ ಇನ್ನೂ ಬರಬೇಕಾಗಿದೆ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ವೇದಿಕೆಗೆ ಕನಕ, ಸರ್ವಜ್ಞರ ಜೊತೆ ಶರೀಫರ ಹೆಸರಿತ್ತು. ಗೋಷ್ಠಿಗಳಲ್ಲಿ ಮಾತ್ರ ಮುಸ್ಲಿಂ ಬರಹಗಾರರನ್ನು ಕಡೆಗಣಿಸಲಾಗಿದೆ ಎಂಬ ಆಕ್ಷೇಪ ಎದ್ದಿತು. ಅದಕ್ಕೆ ಪ್ರತಿರೋಧವಾಗಿ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನವೂ ನಡೆಯಿತು. ಆ ಪ್ರತಿರೋಧ ನ್ಯಾಯವಾದದ್ದು. ಆದರೆ ಆಹ್ವಾನ ಪತ್ರಿಕೆಯಲ್ಲಿ ಹೆಸರಿಗಾಗಿ ಹೋರಾಡುವ ಸಮುದಾಯ, ಬರೆಯುವ ಮತ್ತು ಚಿತ್ರಿಸುವ ಮಕ್ಕಳನ್ನು ಬೆಳೆಸದಿದ್ದರೆ ಮುಂದಿನ ಸಮ್ಮೇಳನಕ್ಕೆ ಯಾರ ಹೆಸರನ್ನು ಕಳಿಸುತ್ತದೆ? ಶಿಶುನಾಳದ ಶರೀಫರು ಕೈಯಲ್ಲಿ ಕುಂಚ ಹಿಡಿಯಲಿಲ್ಲ. ಸೋರುವ ಮಾಳಿಗೆ, ಗಿರಣಿ, ಮಗ್ಗಗಳನ್ನೇ ಪದಗಳಲ್ಲಿ ಕಟ್ಟಿದರು. 1889ರಲ್ಲಿ ಅವರು ಗತಿಸಿದ ಮೇಲೂ ಕನ್ನಡಿಗರು ಅದನ್ನು ಹಾಡುತ್ತಲೇ ಇದ್ದಾರೆ.

ಆದ್ದರಿಂದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಜಮಾಅತ್‌ಗಳ ಮುಂದೆ, ಅಂಜುಮನ್ ಶಾಲೆಗಳ ಮುಂದೆ ನಮ್ಮ ಬೇಡಿಕೆ ಸರಳವಾಗಿದೆ. ಬೇಸಿಗೆ ರಜೆಯಲ್ಲಿ ಮಕ್ಕಳ ಕೈಗೆ ಕಾಗದ, ಬಣ್ಣ ಕೊಡಿ. ತಂದೆಯ ಅಂಗಡಿಯ ತಕ್ಕಡಿಯನ್ನು, ಅಜ್ಜಿಯ ಹೊಲಿಗೆ ಯಂತ್ರವನ್ನು, ಓಣಿಯ ಬೇವಿನ ಮರವನ್ನು ಚಿತ್ರಿಸಲಿ. ಹಿರಿಯರು ಹೇಳುವ ಕಸುಬಿನ ಮಾತುಗಳನ್ನು ಕನ್ನಡದಲ್ಲಿ ಬರೆದಿಡಲಿ. ಮೌಲ್ವಿ ಸಾಹೇಬರೇ ಮುಂದೆ ನಿಂತು ಯಾವುದು ಸಮ್ಮತ, ಯಾವುದು ಅಸಮ್ಮತ ಎಂದು ತಿಳಿಸಿಕೊಡಲಿ. ಸ್ವಂತ ದುಡಿಮೆಯ ಅನ್ನಕ್ಕಿಂತ ಉತ್ತಮವಾದ ಅನ್ನವಿಲ್ಲವೆಂದು ಕಲಿಸಿದವರು ಪ್ರವಾದಿ(ಸ). ಅಂತಹ ದುಡಿಮೆಯನ್ನು ಚಿತ್ರಕ್ಕೆ ಅನರ್ಹವೆಂದು ಬಗೆಯಲು ನಮಗೆ ಅಧಿಕಾರ ಕೊಟ್ಟವರು ಯಾರು?