ಕಣ್ಣೀರಿಗೂ ಗಡಿಯುಂಟೇ?

ಮೈಕೆಲ್ ವಿಂಟರ್‌ಬಾಟಮ್ ನಿರ್ದೇಶನದ 'ಇನ್ ದಿಸ್ ವರ್ಲ್ಡ್' (2002) ಪೇಶಾವರದಿಂದ ಲಂಡನ್ನಿಗೆ ಹೊರಟ ಇಬ್ಬರು ಅಫ್ಘನ್ ನಿರಾಶ್ರಿತರ ಕಥೆ. ದಾಖಲೆಗಳಿಲ್ಲದ ಅವರನ್ನು ದಲ್ಲಾಳಿಗಳು ಸರಕಿನಂತೆ ಸಾಗಿಸುತ್ತಾರೆ. ಇಟಲಿಯತ್ತ ಸಾಗುವ ಹಡಗಿನ ಮುಚ್ಚಿದ ಕಂಟೈನರಿನಲ್ಲಿ ಹಿರಿಯವನು ಉಸಿರುಗಟ್ಟಿ ಅಸುನೀಗುತ್ತಾನೆ. ಬಾಲಕ ಜಮಾಲ್ ಮಾತ್ರ ಲಂಡನ್ ತಲುಪುತ್ತಾನೆ.

ಚಿತ್ರಕ್ಕೆ 2003ರಲ್ಲಿ ಬರ್ಲಿನ್ ಚಿತ್ರೋತ್ಸವದ ಸುವರ್ಣ ಕರಡಿಯೂ 2004ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಸಂದವು. ಆದರೆ ಆ ಪಾತ್ರ ವಹಿಸಿದ ನಿರಾಶ್ರಿತ ಬಾಲಕ ಬ್ರಿಟನ್ನಿನಲ್ಲಿ ನಿಜವಾಗಿಯೇ ಆಶ್ರಯ ಬೇಡಿದಾಗ ಅರ್ಜಿ ತಿರಸ್ಕೃತವಾಯಿತು. 18 ತುಂಬುವ ಮುನ್ನಾದಿನದವರೆಗೆ ಮಾತ್ರ ನೆಲೆಸಲು ಅನುಮತಿ ದೊರೆಯಿತು.

ಪರದೆಯ ಮೇಲಿನ ನಿರಾಶ್ರಿತನಿಗಾಗಿ ಕಂಬನಿ ಮಿಡಿಯುವುದು ಸುಲಭ. ಬಾಗಿಲಿಗೆ ಬಂದವನನ್ನು, ಕಾಗದ ಕೇಳುವುದಕ್ಕೆ ಮುನ್ನ, ಮನುಷ್ಯನೆಂದು ಕಾಣುವುದೇ ನಿಜವಾದ ಪರೀಕ್ಷೆ. ಚಿತ್ರವನ್ನು ಮೆಚ್ಚಿದ ನಾಡು ಅದರಲ್ಲಿ ಅನುತ್ತೀರ್ಣವಾಯಿತೆಂದು ನಾವು ವಿಷಾದದಿಂದ ಹೇಳಬೇಕಾಗಿದೆ.