ಚೀಟಿಯಲ್ಲಿ ಬರೆದದ್ದು ರೋಗದ ಹೆಸರು, ತೀರ್ಪಲ್ಲ

ಮದುವೆಯಾದ ಹೆಣ್ಣಿಗೆ ಜನನಾಂಗದಲ್ಲಿ ಹುಣ್ಣಾಗಿ ಡಾಕ್ಟರು ಚೀಟಿಯಲ್ಲಿ 'ಹರ್ಪಿಸ್' ಎಂದು ಬರೆದರೆ, ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಔಷಧಿಯದಲ್ಲ, ಅವಳ ಶೀಲದ್ದು. (ಸರ್ಪಸುತ್ತು ಎಂದುಕೊಂಡು ಮಂತ್ರ ಹಾಕಿಸಲು ಓಡುವವರೂ ಇದ್ದಾರೆ. ಅದು ಇದೇ ಕುಲದ ಬೇರೊಂದು ವೈರಸ್ಸಿನದು.)

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥದೇ ಚೀಟಿ ಹಿಡಿದು ಬಂದಿದ್ದಳು. ಮದುವೆಯಾಗಿ ಆರು ವರ್ಷ. ಅತ್ತೆ ಅವಳ ತಟ್ಟೆ-ಲೋಟ ಬೇರೆ ಇಟ್ಟಿದ್ದರು. ಗಂಡ "ನನಗೇನೂ ಇಲ್ಲ, ನಿನಗೆಲ್ಲಿಂದ ಬಂತು?" ಎಂದು ಕೈಮಾಡಿದ್ದ. ವಿಚ್ಛೇದನದ ಬೆದರಿಕೆಯೂ ಇತ್ತು. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಅಂಟುವ ಗುಹ್ಯರೋಗ ವಿಚ್ಛೇದನಕ್ಕೆ ಒಂದು ಕಾರಣವೆಂದು ಇಂದಿಗೂ ಇದೆಯಲ್ಲ! "ಮೇಡಂ, ನಾನು ಅಂಥವಳಲ್ಲ" ಎಂದಳು. ಆ ಮಾತನ್ನು ಅವಳು ನನ್ನೆದುರು ಹೇಳಬೇಕಾಗಿ ಬಂತಲ್ಲ ಎಂದು ನನಗೆ ಸಿಟ್ಟು ಬಂತು.

"ನನಗೇನೂ ಇಲ್ಲ" ಎಂಬ ಮಾತು ಈ ರೋಗದ ಮಟ್ಟಿಗೆ ಪುರಾವೆಯೇ ಅಲ್ಲ. ವೈರಸ್ಸು ಬೆನ್ನುಹುರಿಯ ಬಳಿ ನರದ ಗಂಟುಗಳಲ್ಲಿ ಅಡಗಿ ಕೂರುತ್ತದೆ. ಸೋಂಕಿರುವ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಒಂದು ಸಣ್ಣ ತುರಿಕೆ, ಗೀರು ಎಂದು ಸುಮ್ಮನಾಗಿರುತ್ತಾರೆ. ಹುಣ್ಣಿಲ್ಲದ ದಿನಗಳಲ್ಲೂ ಕೆಲವೊಮ್ಮೆ ಚರ್ಮದ ಮೇಲೆ ವೈರಸ್ಸು ಬಂದು ಇನ್ನೊಬ್ಬರಿಗೆ ಅಂಟಬಲ್ಲದು. ಸೋಂಕು ತಗುಲಿ ವರ್ಷಗಳಾದ ಮೇಲೆ ಮೊದಲ ಹುಣ್ಣು ಕಾಣಿಸಿಕೊಳ್ಳುವುದೂ ಉಂಟು. ತುಟಿಯ ಬಳಿ ಗುಳ್ಳೆ ಏಳಿಸುವ ಒಂದನೇ ಬಗೆಯ ವೈರಸ್ಸು ಬಾಯಿಯಿಂದ ಜನನಾಂಗಕ್ಕೂ ಹರಡುತ್ತದೆ. ರಕ್ತಪರೀಕ್ಷೆಯೂ ಯಾರಿಂದ ಬಂತು, ಯಾವಾಗ ಬಂತು ಎಂದು ಹೇಳಲಾರದು. ಹೀಗಿರುವಾಗ ಮೊದಲು ಹುಣ್ಣು ಕಂಡವರೇ ರೋಗ ತಂದವರು ಎನ್ನುವುದು ಯಾವ ನ್ಯಾಯ?

ಇನ್ನೊಂದು ಸಂಗತಿ. ಎರಡನೇ ಬಗೆಯ ವೈರಸ್ಸು ಹೆಣ್ಣಿನಿಂದ ಗಂಡಿಗಿಂತ ಗಂಡಿನಿಂದ ಹೆಣ್ಣಿಗೆ ಸುಲಭವಾಗಿ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಂತೆ ಅದನ್ನು ಹೊತ್ತ ಹೆಂಗಸರು ಸುಮಾರು 31 ಕೋಟಿ, ಗಂಡಸರು 18 ಕೋಟಿ. ತಟ್ಟೆ, ಟವೆಲು, ಕಕ್ಕಸು ಇವುಗಳಿಂದ ಹರಡುವ ರೋಗ ಇದಲ್ಲ. ಆ ಅತ್ತೆಗೆ ಇದನ್ನು ಯಾರೂ ಹೇಳಿರಲಿಲ್ಲ.

ಹರಡದಂತೆ ತಡೆಯಲು ಡಾಕ್ಟರುಗಳು ಹೇಳುವುದು ಸರಿಯಾಗಿಯೇ ಇದೆ. ಉರಿ, ಜುಮುಗುಡುವಿಕೆ ಶುರುವಾದಾಗಿನಿಂದ ಹುಣ್ಣು ಪೂರ್ತಿ ಮಾಯುವವರೆಗೆ ಸಂಭೋಗ ಬೇಡ. ಉಳಿದ ದಿನ ಕಾಂಡೋಮ್ ಬಳಸಿ. ಅದು ಮುಚ್ಚದ ಚರ್ಮದಿಂದಲೂ ಅಂಟಬಹುದಾದ್ದರಿಂದ ಅಪಾಯ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ದಿನಾ ವಾಲಾಸೈಕ್ಲೊವಿರ್ ನುಂಗಿದರೆ ಎರಡನೇ ಬಗೆಯ ಸೋಂಕು ಸಂಗಾತಿಗೆ ತಗಲುವುದು ಸುಮಾರು ಅರ್ಧಕ್ಕಿಳಿಯುತ್ತದೆಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಸುರಿಯಾದರೆ ಹೆರಿಗೆ ಡಾಕ್ಟರಿಗೆ ತಪ್ಪದೆ ತಿಳಿಸಬೇಕು: ಹಳೆಯ ಸೋಂಕಿನಿಂದ ಕೂಸಿಗೆ ಅಪಾಯ ಕಡಿಮೆ, ದಿನ ತುಂಬುತ್ತಿರುವಾಗ ಹೊಸದಾಗಿ ತಗುಲಿದರೆ ಬಹಳ ಹೆಚ್ಚು.

ಆದರೆ "ಗಂಡನ ಹತ್ತಿರ ಹೋಗಬೇಡಮ್ಮ" ಎಂದು ಹೆಂಡತಿಗೆ ಹೇಳಿ ಕಳಿಸುವುದರ ಅರ್ಥವೇನು? ಹೋಗುವವಳು ಅವಳೇ? ಬೇಡವೆಂದರೆ ಹೊಡೆತ ತಿನ್ನುವವಳ ಕೈಗೆ ಕಾಂಡೋಮ್ ಕೊಟ್ಟರೆ ಅವಳು ಏನು ಮಾಡಿಯಾಳು? 2023ರ ನ್ಯಾಯ ಸಂಹಿತೆಯೂ ವಯಸ್ಕ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಅತ್ಯಾಚಾರದಿಂದ ಹೊರಗಿಟ್ಟಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೊಂದೇ ಲೈಂಗಿಕ ಹಿಂಸೆಯನ್ನು ಮನೆಯೊಳಗಿನ ದೌರ್ಜನ್ಯವೆಂದು ಹೆಸರಿಸಿ, ರಕ್ಷಣಾ ಆದೇಶ ಕೇಳಲು ದಾರಿ ಮಾಡಿದೆ. ಹುಣ್ಣಿರುವಾಗ ಬಲವಂತ ಮಾಡಿದ್ದನ್ನೂ ಆ ಅರ್ಜಿಯಲ್ಲಿ ಬರೆಸಬಹುದು, ಬರೆಸಬೇಕು.

ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಇದಕ್ಕೆ ಚಿಕಿತ್ಸೆ ಪುಕ್ಕಟೆ. ಹರ್ಪಿಸ್ ಹುಣ್ಣಿದ್ದರೆ ಎಚ್‌ಐವಿ ತಗಲುವ ಸಂಭವವೂ ಹೆಚ್ಚುವುದರಿಂದ ಆ ಪರೀಕ್ಷೆ ಇಬ್ಬರಿಗೂ ಆಗಬೇಕು. ಅಲ್ಲಿನ ಡಾಕ್ಟರುಗಳಲ್ಲಿ ನನ್ನದೊಂದು ಒತ್ತಾಯ: ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ಮನೆಯಲ್ಲಿ ಹೊಡೆತವಿದೆಯೇ ಎಂದು ಕೇಳಿ. ಅವಳು ಒಪ್ಪಿದರೆ ಮಾತ್ರ ಗಂಡನನ್ನು ಕರೆಸಿ, "ಇದು ಯಾರಿಂದ ಬಂತೆಂದು ನಾವು ಹೇಳಲಾರೆವು, ನೀವೂ ಹೇಳಲಾರಿರಿ" ಎಂಬುದನ್ನು ನಿಮ್ಮ ಬಾಯಿಂದಲೇ ಅವನಿಗೆ ಹೇಳಿ.